ಒಂದು ನಿಮಿಷಕ್ಕೆ ಹತ್ತೊಂಬತ್ತು ಪ್ರಾಣಿ

ಪ್ರಾಣಿಜಗತ್ತಿನಲ್ಲಿ ದೀರ್ಘಾಯುಷ್ಯವೆಂಬುದು ಸಂಯಮಕ್ಕೆ ನಿಸರ್ಗ ಕೊಡುವ ಬಹುಮಾನ. ಚಿತ್ತಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸುತ್ತ ಈ ಮಾತನ್ನು ಗಂಭೀರವಾಗಿ ಹೇಳಿದ್ದೇನೆ. ಹೇಳುವಾಗ ನನಗೆ ಶುಗರ್ ಇತ್ತು, ಜೇಬಿನಲ್ಲಿ ಪೇಡಾ ಇತ್ತು.

ನನಗೇನೂ ಆಗಲಿಲ್ಲ. ಆದದ್ದು ನನ್ನ ಹೆಂಡತಿ ಸರೋಜಾಗೆ.

ನಾಲವಾರದಲ್ಲಿರುವ ಅವಳ ತಂಗಿಯ ಮನೆಗೆ ಹೊರಟಿದ್ದೆವು. ಗಾಡಿ ಬದಲಿಸಲು ವಾಡಿ ಜಂಕ್ಷನ್ನಿನಲ್ಲಿ ನಿಂತಾಗ ನನ್ನ ತೋಳು ಜಗ್ಗಿದಳು.

“ಏನ್ರಿ, ನಾವು ಹೊಂಟೀವೋ, ವಾಪಸ್ ಬರಾಕತ್ತೀವೋ?”

“ವಾಡ್ಯಾಗ ನಿಂತವ್ರು ಎಲ್ಲಾರೂ ಇದನ್ನೇ ಕೇಳ್ತಾರ,” ಎಂದೆ. ಇಬ್ಬರೂ ನಕ್ಕೆವು. ಗಾಡಿ ಹತ್ತಿದ ಮೇಲೆ ಅವಳು ಮತ್ತೆ ಅದನ್ನೇ ಕೇಳಿದಳು.

ಸೇಡಂನಲ್ಲಿರುವ ಮಗಳು ಸುಮಾ ನಮ್ಮನ್ನು ಕಲಬುರಗಿಗೆ ಎಳೆದೊಯ್ದಳು. ನರರೋಗದ ಡಾಕ್ಟರ್ ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಮೆಮರಿ ಟೆಸ್ಟ್ ಮಾಡಿದರು. ಇವತ್ತು ಯಾವ ವಾರ? ಗಡಿಯಾರದ ಚಿತ್ರ ತೆಗೀರಿ. ಕೊನೆಗೆ, ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಪ್ರಾಣಿಗಳ ಹೆಸರು ಹೇಳಿ.

ಸರೋಜಾ ಎಂಟು ಹೇಳಿ ಕಿಟಕಿ ನೋಡುತ್ತ ಕೂತಳು.

“ಆರು ತಿಂಗಳ ಬಿಟ್ಟು ಮತ್ತ ಬರ್ರಿ,” ಎಂದರು ಡಾಕ್ಟರ್. “ಆಗೂ ಕಡಿಮಿ ಬಂದ್ರ ಎಂಆರ್‌ಐ ಮಾಡಿ ಗುಳಿಗಿ ಚಾಲೂ ಮಾಡೂಣು.”

ಬೇರೆ ಯಾರಾದರೂ ಇದನ್ನು ಕಾಯಿಲೆಯ ಮಾತಾಗಿ ಕೇಳುತ್ತಿದ್ದರು. ನನಗೆ ಕೇಳಿಸಿದ್ದು ಫೇಲಾದವರಿಗೆ ಸಿಗುವ ಪೂರಕ ಪರೀಕ್ಷೆಯ ಪ್ರಕಟಣೆ.

ಮರುದಿನದಿಂದ ಪಾಠ ಶುರು. ಬೆಳಿಗ್ಗೆ ಚಹಾ ಆದ ಮೇಲೆ ಮನೆಮುಂದಿನ ಫರ್ಸಿ ಕಲ್ಲಿನ ಕಟ್ಟೆಯ ಮೇಲೆ. ಪ್ರಾಣಿಗಳನ್ನು ಹಾಗೇ ಬಾಯಿಪಾಠ ಮಾಡಿಸುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಆಯುಷ್ಯದ ಪ್ರಕಾರ ಜೋಡಿಸಿದೆ. ಐನೂರು ವರ್ಷ ಬದುಕಬಲ್ಲ ಉತ್ತರ ಸಮುದ್ರದ ಚಿಪ್ಪುಜೀವಿ ಮೊದಲನೆಯದು. ನೂರೈವತ್ತು ವರ್ಷಕ್ಕೆ ಪ್ರಾಯಕ್ಕೆ ಬರುವ ಗ್ರೀನ್‌ಲ್ಯಾಂಡ್ ಶಾರ್ಕ್. ಇನ್ನೂರು ದಾಟುವ ಬೋಹೆಡ್ ತಿಮಿಂಗಿಲ. ದೈತ್ಯ ಆಮೆ. ಕೆಳಗೆ, ಸಾಮಾನ್ಯ ಇಲಿ ಮೂರು ವರ್ಷಕ್ಕೆ ಸತ್ತರೆ ತಾನು ಮೂವತ್ತು ದಾಟುವ, ಮೈಮೇಲೆ ಕೂದಲಿಲ್ಲದ ಒಂದು ಬಿಲದ ಇಲಿ. ಹೀಗೆ ಹತ್ತೊಂಬತ್ತು.

“ಆ ಚಿಪ್ಪಿಗೆ ಮಿದುಳು ಅಂತ ಹೇಳೂವಂಥಾದ್ದು ಏನೂ ಇಲ್ಲ,” ಎಂದೆ ಒಂದು ದಿನ.

“ಅದಕ್ಕ ಅದು ಏನೂ ಮರಿಯೂದಿಲ್ಲ,” ಎಂದಳು.

ಇಷ್ಟು ಚುರುಕಾಗಿ ಮಾತಾಡುವವಳಿಗೆ ಎಂಥ ಕಾಯಿಲೆ? ನಾನು ಪಾಠ ಇನ್ನೂ ಬಿಗಿ ಮಾಡಿದೆ. ತಪ್ಪಿದರೆ ಮೊದಲಿಂದ.

“ನಾ ಏನ್ ನಿಮ್ಮ ಹತ್ತನೇ ಕ್ಲಾಸಿನ ಹುಡುಗಿ ಏನ್ರಿ?” ಎಂದು ಒಮ್ಮೆ ಅತ್ತಳು. ಅಳು ನಿಂತ ಮೇಲೆ ಚಿಪ್ಪುಜೀವಿಯಿಂದ ಶುರು ಮಾಡಿಸಿದೆ.

ಆರು ತಿಂಗಳ ಮೇಲೆ ಅವಳು ವಾರ ಹೇಳಿದಳು. ಗಡಿಯಾರ ತೆಗೆದಳು. ಹತ್ತೊಂಬತ್ತು ಪ್ರಾಣಿಗಳನ್ನು ಮಗ್ಗಿಯಂತೆ ಒಪ್ಪಿಸಿದಳು. ಹೊರಗೆ ರೋಗಿಗಳ ಸಾಲು ಉದ್ದವಿತ್ತು. ಡಾಕ್ಟರ್ ಅಂಕ ನೋಡಿ, ಸದ್ಯ ಗುಳಿಗೆ ಬೇಡ, ವರ್ಷ ಬಿಟ್ಟು ಬನ್ನಿ ಎಂದರು. ನಾನು ಓಣಿಗೆಲ್ಲ ಪೇಡಾ ಹಂಚಿದೆ.

ವರ್ಷ ತುಂಬುವ ಮೊದಲೇ ಒಂದು ಭಾನುವಾರ ಸುಮಾ ಬಂದಳು. ಸರೋಜಾ ಅವಳಿಗೆ ನೀರು ಕೊಟ್ಟು, ಮರ್ಯಾದೆಯಿಂದ ಕೇಳಿದಳು:

“ನೀವು ಯಾರ ಮನ್ಯಾಗಿನವ್ರು, ಅಕ್ಕಾವ್ರ?”

ಸುಮಾ ನೀರು ಕುಡಿದಳು. ಲೋಟ ಕೆಳಗಿಡಲಿಲ್ಲ.

ಈ ಸಲ ಡಾಕ್ಟರ್ ಅವಸರ ಮಾಡಲಿಲ್ಲ. ಗಡಿಯಾರದಲ್ಲಿ ಅಂಕಿಗಳು ಒಂದೇ ಮೂಲೆಗೆ ಗುಂಪಾಗಿದ್ದವು. ಪ್ರಾಣಿಗಳ ಪ್ರಶ್ನೆಗೆ ಮಾತ್ರ ಸರೋಜಾ ಚಿಪ್ಪುಜೀವಿಯಿಂದ ಸರಸರ ಹೊರಟಳು. ಡಾಕ್ಟರ್ ಪೆನ್ನು ಕೆಳಗಿಟ್ಟರು.

“ಅಮ್ಮಾ, ನಿಮ್ಮ ಓಣ್ಯಾಗ ಯಾವ್ಯಾವ ಪ್ರಾಣಿ ಅದಾವ್ರಿ?”

ಸರೋಜಾ ನನ್ನ ಮುಖ ನೋಡಿದಳು. ಅದು ಪಾಠದಲ್ಲಿ ಇರಲಿಲ್ಲ.

“ಆ ಪಟ್ಟಿ ಯಾರು ಕಲಿಸ್ಯಾರ್ರಿ?” ಎಂದರು ಡಾಕ್ಟರ್.

ನಾನು ಕೈ ಎತ್ತಿದೆ. ಪರೀಕ್ಷೆಯಲ್ಲಿ ಎಷ್ಟು ಹುಡುಗರ ಅಂಗಿಯ ತೋಳಿನಿಂದ ಚೀಟಿ ಎಳೆದ ಕೈ ಅದು!

“ಸರ, ಇದು ಪಾಸ್ ಆಗೂ ಪರೀಕ್ಷೆ ಅಲ್ರಿ. ಏನು ಹೋಗೇದ ಅಂತ ನೋಡೂದು. ನೀವು ಅದರ ಮ್ಯಾಲ ಚಾದರ ಹೊದಿಸೀರಿ.”

ಎಂಆರ್‌ಐ ಆಯಿತು. ಅಲ್ಝೈಮರ್ಸ್ ಎಂದರು.

“ಹ್ವಾದ ವರ್ಷನ ಗುಳಿಗಿ ಚಾಲೂ ಆಗಿದ್ರ ನಿಲ್ತಿತ್ತೇನ್ರಿ?” ಎಂದು ಕೇಳಿದೆ.

“ನಿಲ್ತಿರಲಿಲ್ರಿ ಸರ. ಒಂದಿಷ್ಟು ದಿನ ಇನ್ನೂ ಚಲೋ ಇರ್ತಿದ್ರೇನೋ.”

ಆ ಒಂದಿಷ್ಟು ದಿನ ಎಷ್ಟು ಎಂದು ನಾನು ಕೇಳಲಿಲ್ಲ. ವಾಪಸ್ ಬರುವಾಗ ಗಾಡಿ ಶಹಾಬಾದ ದಾಟುವವರೆಗೂ ಸುಮಾ ನನ್ನೊಡನೆ ಮಾತಾಡಲಿಲ್ಲ. ಆಮೇಲೆ, “ಅಪ್ಪಾ, ಅವ್ವಗ ಹಸಿವಾಗೇದ, ಡಬ್ಬಿ ತಗಿ,” ಎಂದಳು. ಅದನ್ನು ಕ್ಷಮೆಯೆಂದೇ ಇಟ್ಟುಕೊಂಡಿದ್ದೇನೆ.

ಗುಳಿಗೆಯಿಂದ ಸರೋಜಾಗೆ ನಿದ್ದೆ ಸುಧಾರಿಸಿದೆ, ಸಿಟ್ಟು ಇಳಿದಿದೆ. ಅಷ್ಟಕ್ಕೆ ಋಣಿ. ಈಗಲೂ ಬೆಳಿಗ್ಗೆ ಕಟ್ಟೆಯ ಮೇಲೆ ಕೂರುತ್ತೇವೆ. ಪಾಠವಿಲ್ಲ. ಎದುರುಮನೆಯ ಎಮ್ಮೆ ಹಾದುಹೋಗುತ್ತದೆ. ಅದು ಇಪ್ಪತ್ತು ವರ್ಷ ಬದುಕಿದರೆ ಹೆಚ್ಚು. ಅವಳು ಅದನ್ನೇ ನೋಡುತ್ತಾಳೆ. ಕೇಳಿದರೆ ಮಾತ್ರ ಹೆಸರು ಹೇಳುತ್ತೇನೆ.

ಹೋದ ತಿಂಗಳು ಮತ್ತೆ ಟೆಸ್ಟ್ ಆಯಿತು. ನನ್ನನ್ನು ಹೊರಗೆ ಕೂರಿಸಿದರು. ಬಾಗಿಲು ತೆರೆದೇ ಇತ್ತು.

“ಎಮ್ಮಿ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ನಾಯಿ.” ನಿಮಿಷ ಮುಗಿಯುವ ಹೊತ್ತಿಗೆ, “ಎಮ್ಮಿ.”

ಡಾಕ್ಟರ್ ಎರಡು ಎಂದು ಬರೆದುಕೊಂಡರು.