ಅಮಾವಾಸ್ಯೆಯ ಗಂಟು ನಂದೇ

ಹೊಸಪೇಟೆಯ ಮಂಗಗಳು ಏನನ್ನೂ ಬಿಡುವುದಿಲ್ಲ, ಸ್ನೇಹಿತರೇ. ನಾನು ಮಾಳಿಗೆ ಮೇಲೆ ಆರಲು ಇಟ್ಟಿದ್ದ ಬಟ್ಟೆಯ ಗಂಟನ್ನು ಇವತ್ತು ಬೆಳಿಗ್ಗೆ ಒಂದು ಮಂಗ ಪಕ್ಕದ ಮನೆಯ ಅಂಗಳಕ್ಕೆ ಎಸೆಯಿತು. ಬಟ್ಟೆಯೊಳಗೆ ಎಲೆ ಹರವಿ, ತುಕ್ಕುಮೊಳೆ ಇಟ್ಟು, ಸುತ್ತಿ, ದಾರ ಬಿಗಿದು ಬೇಯಿಸಿದರೆ ಎಲೆಯ ನರನರವೂ ಬಟ್ಟೆಗೆ ಅಚ್ಚಾಗುತ್ತದೆ. ಅದು ನನ್ನ ಈಚಿನ ಹುಚ್ಚು. ಇವತ್ತು ಅಮಾವಾಸ್ಯೆ ಎನ್ನುವುದು ಮರೆತುಹೋಗಿತ್ತು.

ನಾನು ಓಡುವಷ್ಟರಲ್ಲಿ ಆ ಮನೆಯ ಯಜಮಾನರು, ರೈಸ್ ಮಿಲ್ಲಿನ ವೀರಭದ್ರಪ್ಪ, ಗಂಟಿನಿಂದ ದೂರ ನಿಂತಿದ್ದರು. ಹಿಂದೆ ಅರ್ಧ ಓಣಿ.

"ಯಾರೋ ಮಾಟ ಮಾಡ್ಸ್ಯಾರ," ಅಂದರು.

"ಅದು ನಂದ್ರಿ," ಅಂದೆ.

ವೀರಭದ್ರಪ್ಪ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು.

"ಮೊಳಿ ಯಾಕ ಹಾಕೀರಿ?"

"ಕಪ್ಪು ಬಣ್ಣ ಬರ್ಲಿ ಅಂತ."

"ದಾರ?"

"ಬಿಗಿಯಾಗಿ ಕಟ್ಟಾಕ್ರಿ."

"ಯಾರನ್ನ?"

ಹೇಳಿದಷ್ಟೂ ಕೆಡುತ್ತಿತ್ತು. ತೋರಿಸಿಯೇಬಿಡೋಣವೆಂದು ದಾರ ಕತ್ತರಿಸಿದೆ. ಸೊಂಡೂರಿನ ತೇಗದ ಚಿಗುರೆಲೆ ರಕ್ತದಂಥ ಕೆಂಪು ಬಿಟ್ಟಿತ್ತು. ಇಷ್ಟು ಚಂದದ ಅಚ್ಚು ನನಗೆ ಎಂದೂ ಬಂದಿರಲಿಲ್ಲ, ಆದರೆ ಅದನ್ನು ಹೇಳುವ ಹೊತ್ತು ಅದಲ್ಲ.

ವೀರಭದ್ರಪ್ಪ ಬಟ್ಟೆಯ ಅಂಚನ್ನೇ ನೋಡಿದರು. "ಇದು ನನ್ ಪಂಚಿ."

ಹಳೆಯ ಹತ್ತಿಬಟ್ಟೆಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ ಎಂದು ಅವರ ಹೆಂಡತಿ ಗೌರಮ್ಮನವರನ್ನು ಕೇಳಿ ಇಸಿದುಕೊಂಡಿದ್ದೆ. ಗುಂಪಿನ ಹಿಂದಿನಿಂದ ಅವರೇ ಹೇಳಿದರು: "ನಾನ ಕೊಟ್ಟೀನ್ರಿ. ಹರ್ದಿತ್ತು."

ನನ್ನ ಮೇಲಿದ್ದ ಅನುಮಾನ ಅಲ್ಲಿಗೆ ತೀರಿತು. ವೀರಭದ್ರಪ್ಪನವರು ಮಧ್ಯಾಹ್ನ ಮನೆಯಲ್ಲಿ ಉಣ್ಣಲಿಲ್ಲ. ಸಂಜೆ ಗೌರಮ್ಮ ಚಹಾ ತಂದಿಟ್ಟಾಗ, "ಮೊದ್ಲು ನೀ ಒಂದ್ ಗುಟುಕು ಕುಡಿ," ಅಂದರಂತೆ.