ಹದಿನಾಲ್ಕಕ್ಕೆ ಲೈಸೆನ್ಸು

ಅಮೆರಿಕದ ಡಕೋಟಾ ಬಯಲಿನ ಆ ಊರಲ್ಲಿ ಆರ್ಲಿಸ್ ಗೈಗರ್ ಕೈಯಡುಗೆ ಉಣ್ಣದೆ ದೊಡ್ಡವರಾದವರು ಕಡಿಮೆ. ಶಾಲೆಯ ಅಡುಗೆಮನೆ ಅವಳದು. ಗಂಡ ವರ್ಲಿನ್ ದನ ಸಾಕುತ್ತಿದ್ದ. ಮಕ್ಕಳಿಬ್ಬರು, ಕೋಲ್ಟರ್ ಮತ್ತು ಬ್ರಿನ್.

ಕೋಲ್ಟರ್‌ಗೆ ಹದಿನಾಲ್ಕು ತುಂಬಿದ ವಾರವೇ ಗಾಡಿ ಓಡಿಸುವ ಲೈಸೆನ್ಸು ಬಂತು. ಅಲ್ಲಿನ ಕಾನೂನೇ ಹಾಗೆ. ಇನ್ನೊಂದು ವರ್ಷ ತಡೆಯೋಣ ಎಂದಳು ಆರ್ಲಿಸ್. ವರ್ಲಿನ್ ನಕ್ಕುಬಿಟ್ಟ. "ಹನ್ನೆರಡಕ್ಕೇ ನಾನು ಗೋಧಿ ಲಾರಿ ಓಡಿಸ್ತಿದ್ದೆ. ನಿನ್ ಮಗ ಏನು ಗಾಜಿನ ಗೊಂಬೆನಾ?" ಅವಳು ಗಾಡಿಯ ಕೀಲಿಯನ್ನು ಮಗನ ಕೈಗೆ ಕೊಟ್ಟಳು. ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೇ ಹಾಯೆನಿಸಿತ್ತು. ದಿನವಿಡೀ ಒಲೆಯ ಮುಂದೆ ನಿಂತು ದಣಿದ ಮೇಲೆ, ಮಗನ ಬ್ಯಾಸ್ಕೆಟ್‌ಬಾಲ್ ಮುಗಿಯಲೆಂದು ಕಾರಿನಲ್ಲಿ ಕಾಯುತ್ತ ಕೂರುವುದು ತಪ್ಪಿತ್ತು.

ಅಕ್ಟೋಬರಿನ ಒಂದು ಸಂಜೆ ಕೋಲ್ಟರ್ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಗೆ ಹೊರಟಿದ್ದ. ಜಲ್ಲಿ ರಸ್ತೆಯ ಅಂಚಿನಲ್ಲಿ ಪಿಕಪ್ಪಿನ ಚಕ್ರ ಜಾರಿತು. ಗಾಬರಿಯಲ್ಲಿ ಸ್ಟೇರಿಂಗನ್ನು ಒಂದೇ ಸಲ ಎಳೆದ. ಗಾಡಿ ಉರುಳಿ ಚರಂಡಿಗೆ ಬಿತ್ತು. ಕುಡಿದಿರಲಿಲ್ಲ, ಕೈಯಲ್ಲಿ ಫೋನಿರಲಿಲ್ಲ, ಹೆಚ್ಚಿನ ವೇಗವೂ ಇರಲಿಲ್ಲ. ಹದಿನಾಲ್ಕರ ಹುಡುಗ ಮಾಡುವ ತಪ್ಪು ಮಾಡಿದ, ಅಷ್ಟೆ. ಅವನ ಹೆಗಲಿನ ಎಲುಬು ಮಾತ್ರ ಮುರಿಯಿತು. ಬ್ರಿನ್ ಆಸ್ಪತ್ರೆ ತಲುಪಲಿಲ್ಲ.

ಊರವರು ಸಾವಿನ ಮನೆಗೆಂದು ಮಾಂಸ, ಆಲೂಗಡ್ಡೆ ಬೇಯಿಸಿ ಪಾತ್ರೆಗಳಲ್ಲಿ ಹೊತ್ತು ತಂದರು. ದೇವರಿಚ್ಛೆ ಎಂದರು. ಆ ಮಾತು ಮಾತ್ರ ಆರ್ಲಿಸ್‌ಗೆ ಗಂಟಲಲ್ಲಿ ಇಳಿಯಲಿಲ್ಲ.

ಮರುವರ್ಷದ ಚಳಿಗಾಲಕ್ಕೆ, ಲೈಸೆನ್ಸಿನ ವಯಸ್ಸನ್ನು ಹದಿನಾರಕ್ಕೆ ಏರಿಸುವ ಮಸೂದೆಯೊಂದು ರಾಜ್ಯದ ರಾಜಧಾನಿಯಲ್ಲಿ ಶಾಸಕರ ಸಮಿತಿಯ ಮುಂದೆ ಬಂತು. ಜನರೂ ಬಂದು ಮಾತಾಡಬಹುದಿತ್ತು. ತಾನು ಹೋಗುವುದಾಗಿ ಆರ್ಲಿಸ್ ಊಟದ ಹೊತ್ತಲ್ಲಿ ಹೇಳಿದಳು.

ಕೋಲ್ಟರ್ ತಟ್ಟೆ ಸರಿಸಿದ. "ನನ್ ಹೆಸ್ರು ಹೇಳ್ತೀಯಾ ಅಮ್ಮ?"

"ಇಲ್ಲ ಕಣೋ."

"ಹೇಳಿದ್ರೂ ಒಂದೇ, ಬಿಟ್ರೂ ಒಂದೇ. ಎಲ್ರಿಗೂ ಗೊತ್ತು."

ಹಸು ಈಯುವ ಕಾಲ ಎಂದು ವರ್ಲಿನ್ ಮನೆಯಲ್ಲೇ ಉಳಿದ. ಅವಳೊಬ್ಬಳೇ ಹೋದಳು. ಸಮಿತಿಯ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಿದಳು: "ನನ್ ಮಗ ಕೆಟ್ಟವನಲ್ಲ, ಮಗು. ಮಗು ಕೈಗೆ ಸ್ಟೇರಿಂಗ್ ಕೊಟ್ಟಿದ್ದು ನಾವು."

ವಿರೋಧಿಸಿ ಎದ್ದವನು ಅವರದೇ ಕ್ಷೇತ್ರದ ಶಾಸಕ ಡ್ವೇನ್ ಹೌಗನ್. ಬ್ರಿನ್‌ಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಮಕ್ಕಳು ಗಾಡಿ ಓಡಿಸದಿದ್ದರೆ ಹೊಲ, ಕೊಟ್ಟಿಗೆ ನಡೆಯುವುದು ಹೇಗೆ ಎಂದು ಕೇಳಿದ. ಸಮಿತಿ ಹೌದೆಂದು ತಲೆಯಾಡಿಸಿತು, ಮಸೂದೆ ಅಲ್ಲೇ ಸತ್ತಿತು. ಹೊರಗೆ ಅವನು ಅವಳ ಕೈ ಹಿಡಿದುಕೊಂಡ.

"ನಿನ್ ಸಂಕಟ ನಂಗೆ ಗೊತ್ತಾಗಲ್ಲ ಅಂತಲ್ಲ ಆರ್ಲಿಸ್. ಆದ್ರೆ ನಮ್ ಜನ ಬದುಕ್ಬೇಕಲ್ಲ?"

"ಬ್ರಿನ್ನೂ ನಮ್ ಜನಾನೇ ಆಗಿದ್ಲು, ಡ್ವೇನ್" ಎಂದು ಕೈ ಬಿಡಿಸಿಕೊಂಡಳು.

ಅವಳ ಮಾತು ಪತ್ರಿಕೆಯಲ್ಲಿ ಅಚ್ಚಾಯಿತು. ತನ್ನ ಮಗನಿಗೆ ಓಡಿಸಲು ಬರಲಿಲ್ಲವೆಂದು ನಮ್ಮ ಮಕ್ಕಳನ್ನೇಕೆ ಕಟ್ಟಿಹಾಕಬೇಕು ಎಂದು ಊರು ಮುನಿಸಿಕೊಂಡಿತು. ಅದನ್ನು ಅವಳು ಸಹಿಸಿಕೊಂಡಳು. ಆದರೆ ಶಾಲೆಯ ಹುಡುಗರಿಗೆ ಒಂದು ಪದ ಸಿಕ್ಕಿಬಿಟ್ಟಿತ್ತು. ಅಪಘಾತದ ನಂತರ ಕೋಲ್ಟರ್ ಗಾಡಿ ಮುಟ್ಟಿರಲಿಲ್ಲ; ತಾಯಿಯೇ ಕರೆತರುತ್ತಿದ್ದಳು. ಅವನು ಕಾರಿನಿಂದ ಇಳಿದರೆ ಸಾಕು, "ಏನ್ ಮಗು, ಅಮ್ಮ ಕರ್ಕೊಂಡ್ ಬಂದ್ಲಾ?" ಎನ್ನುತ್ತಿದ್ದರು. ತಂಗಿಯನ್ನು ಕೊಂದವನು ಎಂದು ಯಾರೂ ಅಂದಿರಲಿಲ್ಲ. ಮಗು ಎಂದರು. ಆ ಪದ ಕೊಟ್ಟವಳು ತಾಯಿ.

ಒಂದು ಬೆಳಿಗ್ಗೆ ದಾರಿಯಲ್ಲಿ ಅವನು ಕೇಳಿದ: "ಅಷ್ಟು ಜನರ ಮುಂದೆ ಹೋಗಿ ಹೇಳಿದ್ಯಲ್ಲ, ತಂಗಿಗೋಸ್ಕರಾನಾ, ನಿನ್ ಮನಸ್ಸು ಹಗುರ ಆಗ್ಲಿ ಅಂತಾನಾ?"

ಆರ್ಲಿಸ್ ಶಾಲೆಯ ಮುಂದೆ ಕಾರು ನಿಲ್ಲಿಸಿದಳು.

ಬೇಸಿಗೆಗೆ ಅವನು ಬಸ್ಸು ಓಡಾಡುವ ಪೇಟೆಯಲ್ಲಿದ್ದ ಚಿಕ್ಕಪ್ಪನ ಮನೆ ಸೇರಿದ. ಭಾನುವಾರ ಫೋನ್ ಮಾಡುತ್ತಾನೆ. ಅವಳು ಎತ್ತಿಕೊಂಡರೆ, "ಅಪ್ಪ ಇದಾರಾ?" ಎನ್ನುತ್ತಾನೆ.

ಮಸೂದೆ ಮತ್ತೆ ಬಂದಾಗ ವರ್ಲಿನ್ ಬೇಡಿಕೊಂಡ. "ಹೋಗ್ಬೇಡ ಮಾರಾಯ್ತಿ. ಹೋದ್ರೆ ಕೋಲ್ಟರ್ ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ."

"ಈಗೇನ್ ಹತ್ತಾ ಇದಾನಾ?" ಎಂದು ಅವಳು ಕೋಟು ಹಾಕಿಕೊಂಡಳು.

ಆ ಸಲವೂ ಸೋಲಾಯಿತು. ಆದರೂ ಪ್ರತಿ ಚಳಿಗಾಲ ಹೋಗುತ್ತಾಳೆ. ಈಗ ಸಮಿತಿಯವರೆಲ್ಲ ಅವಳನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ, ರಸ್ತೆ ಹೇಗಿತ್ತು, ಹಿಮ ಜಾಸ್ತಿಯಾ ಎಂದು ವಿಚಾರಿಸುತ್ತಾರೆ. ಅವಳು ಮಾತು ಶುರು ಮಾಡುತ್ತಿದ್ದಂತೆ ಒಬ್ಬೊಬ್ಬರೇ ಕಾಫಿಗೆಂದು ಏಳುತ್ತಾರೆ.