ನೀರ್ ಬಂದದ

ನಾನು ಕನ್ನಡ ಮಾಸ್ತರ. ಹತ್ತೊಂಬತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಸಂಧಿ ಹೇಳಿಕೊಡುತ್ತಿದ್ದೇನೆ. ಎರಡು ಪದ ಕೂಡುವಾಗ ನಡುವೆ ಏನು ಬಿಟ್ಟುಹೋಯಿತು, ಏನು ಬಂದು ಸೇರಿತು ಎಂದು ಕರಿಹಲಗೆಯ ಮೇಲೆ ಬಿಡಿಸಿ ತೋರಿಸುವುದು ನನ್ನ ಹೊಟ್ಟೆಪಾಡು. ಒಂದು ಭಾನುವಾರ ಹೊಳೆದಂಡೆಯಲ್ಲಿ ಒಂದೇ ಒಂದು ಮಾತನ್ನು ತಪ್ಪಾಗಿ ಬಿಡಿಸಿದೆ. ಅದರಿಂದ ನನ್ನ ಗೆಳೆಯ ಸತ್ತ. ಅದಕ್ಕಿಂತ ನಾಚಿಕೆಯ ಕೆಲಸವನ್ನು ಆಮೇಲೆ ಮಾಡಿದೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನನ್ನೂರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ತೊಗರಿ, ಜೋಳದ ಕರಿಮಣ್ಣು. ಹೊಳೆ ಎಂದರೆ ನಮಗೆ ಭೂಗೋಳದ ಪಾಠ. ಕರಜಗಿ ಕಡೆಯ ಒಂದು ಊರಿಗೆ ವರ್ಗವಾದ ಮೇಲೆಯೇ ನಾನು ಭೀಮಾ ನದಿಯನ್ನು ದಿನಾ ನೋಡಿದ್ದು. ಮರುಳಾದೆ ಎಂದೇ ಹೇಳಬೇಕು. ನಮ್ಮದು ಲಿಂಗಪೂಜೆ ಆಗದೆ ಚಹಾ ಕೂಡ ಕುಡಿಯದ ಮನೆ, ಮೊಟ್ಟೆಯೂ ಹೊಸ್ತಿಲು ದಾಟಿಲ್ಲ. ಅಂಥ ಮನೆಯ ನಾನು ಭಾನುವಾರ ಬೆಳಗಾದರೆ ಮೀನು ಹಿಡಿಯುವವನ ಪಕ್ಕ ಹೋಗಿ ಕೂರುತ್ತಿದ್ದೆ. ತಿರುಗಿ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆಯುತ್ತಿದ್ದಳು: "ಆ ವಾಸನಿ ಬಚ್ಚಲದಾಗ ಬಿಟ್ಟು ಬರ್ರಿ, ಆಮ್ಯಾಲ ಪೂಜಿ, ಆಮ್ಯಾಲ ನಾಷ್ಟಾ."

ಅವನು ಅಂಬಿಗರವನು, ನನ್ನ ವಾರಿಗೆಯವನೇ. ಮೀನುಗಾರರ ಪರವಾಗಿ ಒಂದು ಅರ್ಜಿ ಬರೆಸಲು ಸಾಲೆಗೆ ಬಂದಿದ್ದ. ಬರೆದುಕೊಟ್ಟೆ. "ಹೊಳಿಗೆ ಬರ್ರಿ ಸರ, ಒಂದ್ಸಲ ಕುಂತು ನೋಡ್ರಿ" ಎಂದ. ಒಂದು ಸಲ ಹೋದವನು ಆರು ವರ್ಷ ಹೋದೆ. ನಾನು ತಿನ್ನುವುದಿಲ್ಲ, ಹಿಡಿಯುವುದಿಲ್ಲ, ಸುಮ್ಮನೆ ನೋಡುತ್ತೇನೆ ಎಂಬುದು ಅವನಿಗೆ ದೊಡ್ಡ ತಮಾಷೆ. "ಸರ ಕುಂತ ಕಡಿ ಮೀನು ನಿಶ್ಚಿಂತಿಂದ ಬರ್ತಾವ, ಅವಕ್ಕೂ ಗೊತ್ತದ ಇವ್ರು ಶರಣರು ಅಂತ" ಎಂದು ಉಳಿದವರಿಗೆ ಹೇಳಿ ನಗುತ್ತಿದ್ದ. ಅವನು ಬಾಯಿ ತುಂಬ ನಗುತ್ತಿದ್ದ ಮನುಷ್ಯ.

ಭೀಮೆಗೆ ಈಗ ಮಳೆಗಾಲ ಒಂದೇ ಕಾಲವಲ್ಲ. ಚೈತ್ರದಲ್ಲಿ, ಹೊಳೆ ಒಣಗಿ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಲ್ಲಬೇಕಾದ ದಿನಗಳಲ್ಲಿ, ಮೇಲಿನ ಡ್ಯಾಮಿನಿಂದ ಊರುಗಳಿಗೆ ಕುಡಿಯುವ ನೀರು ಬಿಡುತ್ತಾರೆ. ಹಿಂದಿನ ದಿನ ದನ ದಾಟುತ್ತಿದ್ದ ಜಾಗದಲ್ಲಿ ಮರುದಿನ ಆಳುದ್ದ ನೀರು. ದಾರಿಯುದ್ದಕ್ಕೂ ಬ್ಯಾರೇಜುಗಳು. ಒಂದು ಕಡೆ ಗೇಟು ಎತ್ತುತ್ತಾರೆ, ಇನ್ನೊಂದು ಕಡೆ ಇಳಿಸುತ್ತಾರೆ. "ಮಳಿ ನೀರು ಮೊದ್ಲ ಮಾರಿ ತೋರಿಸಿ ಬರ್ತದ ಸರ. ಇದಕ್ಕ ಮೋಡ ಇಲ್ಲ, ಗುಡುಗು ಇಲ್ಲ, ಆರ್ಡರ್ ಆದ್ರ ಬಂತು" ಎನ್ನುತ್ತಿದ್ದ ಅವನು. ನೀರು ಏರುವಾಗ ಮೀನು ದಂಡೆಯ ಹುಲ್ಲಿಗೆ ಬರುತ್ತವೆ, ಇಳಿಯುವಾಗ ನಡುಹೊಳೆಯ ಮಡುವಿಗೆ ಹಿಂದಿರುಗುತ್ತವೆ. ಎಲ್ಲಿ ಬಲೆ ಹಾಕಬೇಕು, ಯಾವಾಗ ನೀರಿಗೆ ಇಳಿಯಬಹುದು, ಎಲ್ಲವೂ ಮೇಲೆ ಗೇಟು ತೆರೆದಿದೆಯೋ ಮುಚ್ಚಿದೆಯೋ ಎಂಬುದರ ಮೇಲೆ.

ಅದನ್ನು ಹೇಳುವವನು ಅವನ ಅಣ್ಣ. ಹೊಳೆಯ ಮೇಲ್ಗಡೆ, ಒಂದು ಬ್ಯಾರೇಜಿನ ಪಕ್ಕದ ಊರಿಗೆ ಮನೆ ಅಳಿಯನಾಗಿ ಹೋಗಿದ್ದ. ಹೊಲದಲ್ಲಿ ನಿಂತರೆ ಗೇಟು ಕಾಣುತ್ತಿತ್ತು. ನೀರು ಬಿಟ್ಟರೂ ತಮ್ಮನಿಗೆ ಫೋನು, ನಿಲ್ಲಿಸಿದರೂ ಫೋನು. ತಮ್ಮ ಕೂಗಿ ಹೇಳಿದರೆ ನಮ್ಮ ದಂಡೆಯ ಹತ್ತಾರು ಮಂದಿ ಅದರಂತೆ ನಡೆಯುತ್ತಿದ್ದರು. ಗೇಟಿನ ಹತ್ತಿರದಿಂದ ನಮ್ಮಲ್ಲಿಗೆ ನೀರು ಬರಲು ಒಂದು ತಾಸಿನ ಮೇಲೆ ಬೇಕು, ಫೋನು ಕ್ಷಣದಲ್ಲಿ ಬರುತ್ತದೆ. ಆ ಒಂದು ತಾಸೇ ಅವರ ಜೀವ.

ಅವತ್ತು ನೀರು ಬಂದು ಮೂರನೆಯ ದಿನ, ಉಳಿದವರು ಇನ್ನೂ ಹೊಳೆಗೆ ಬಂದಿರಲಿಲ್ಲ, ದಂಡೆಯಲ್ಲಿ ನಾವಿಬ್ಬರೇ. ನಡುಹೊಳೆಯ ಬಂಡೆಗೆ ಕಟ್ಟಿದ್ದ ಅವನ ಬಲೆ ಸೆಳವಿಗೆ ಸಿಕ್ಕಿ ಅಲ್ಲೇ ಉಳಿದಿತ್ತು. ಹೊಸ ಬಲೆ. ಹಿಂದಿನ ದಿನದಿಂದ ನೀರು ಸ್ವಲ್ಪ ಇಳಿದು ಬಂಡೆಯ ನೆತ್ತಿ ಕಾಣುತ್ತಿತ್ತು. "ಇವತ್ತು ಪೂರಾ ಬಂದ್ ಮಾಡ್ತಾರಂತ ಸುದ್ದಿ ಅದ. ಅಣ್ಣ ಫೋನ್ ಮಾಡಿದ್ನೆಂದ್ರ ಹೋಗಿ ಬಿಡಿಸ್ಕೊಂಡು ಬರ್ತೇನಿ" ಎಂದ. ಅಷ್ಟರೊಳಗೆ ದಂಡೆಯ ಸಣ್ಣ ಬಲೆ ನೋಡಿ ಬರುತ್ತೇನೆಂದು ತೆಪ್ಪ ಹತ್ತಿದ. ಹಿಂದೊಮ್ಮೆ ಫೋನು ನೀರಿಗೆ ಬಿದ್ದಿದ್ದರಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ನಾನು ಬನ್ನಿಗಿಡದ ನೆರಳಿನಲ್ಲಿ ಒಂಬತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತ ಕೂತೆ.

ಫೋನು ಬಂತು. ಗಾಳಿ ಜೋರಿತ್ತು. ಅಣ್ಣನ ದನಿ: "ಯಾರ್ರಿ, ಸರ ಏನು? ಅವಗ ಹೇಳ್ರಿ, ನೀರ್ ಬಂದದ."

ಬೇರೆ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ 'ಇದೆ' ಎನ್ನುವುದಕ್ಕೆ 'ಅದ' ಎನ್ನುತ್ತೇವೆ. ನೀರು ಬಂದಿದೆ ಎಂದರೆ 'ನೀರ್ ಬಂದದ'. ಉರ್ದುವಿನ 'ಬಂದ್' ಎಂಬ ಮಾತೂ ನಮ್ಮ ಬಾಯಲ್ಲಿ ದಿನಬೆಳಗೂ ಇದೆ: ಅಂಗಡಿ ಬಂದ್, ನಳ ಬಂದ್, ಕರೆಂಟು ಬಂದ್. ನೀರು ನಿಂತಿದೆ ಎನ್ನಲು 'ನೀರ್ ಬಂದ್ ಅದ'. ಬೇಗ ಅಂದರೆ ಅದೂ 'ಬಂದದ'. ಎರಡೂ ಕಿವಿಗೆ ಒಂದೇ. ಎದುರಿಗೆ ನಿಂತು ಮಾತಾಡುವಾಗ ಯಾರಿಗೂ ಗೊಂದಲ ಆಗುವುದಿಲ್ಲ, ಮುಖ ನೋಡಿದರೆ ತಿಳಿಯುತ್ತದೆ. ನಾನು ಮುಖ ನೋಡುತ್ತಿರಲಿಲ್ಲ. ಬೆಳಗಿನಿಂದ 'ಬಂದ್ ಮಾಡ್ತಾರ' ಎಂಬುದನ್ನೇ ಕೇಳಿಕೊಂಡು ಕೂತಿದ್ದೆ.

ಎದ್ದು ನಿಂತು ಕೂಗಿದೆ: "ನೀರ್ ಬಂದ್ ಆತಂತೋ!"

ಕೇಳಿದ್ದನ್ನು ಕೇಳಿದ ಹಾಗೆ ಕೂಗಿದ್ದರೆ ಸಾಕಾಗಿತ್ತು. ಅವನು ಅರೆಗಳಿಗೆ ಯೋಚಿಸುತ್ತಿದ್ದ, ಅಣ್ಣನಿಗೆ ತಿರುಗಿ ಫೋನು ಹಚ್ಚು ಎನ್ನುತ್ತಿದ್ದ. ಆದರೆ ನಾನು ಮಾಸ್ತರ. ಮಾತು ಸ್ಪಷ್ಟವಾಗಿರಲಿ ಎಂದು ತಿದ್ದಿ ದಾಟಿಸಿದೆ. ಅವನು ಕೈ ಎತ್ತಿ ತೋರಿಸಿ ತೆಪ್ಪವನ್ನು ನಡುಹೊಳೆಗೆ ತಿರುಗಿಸಿದ.

ಬಲೆ ಬಂಡೆಯ ಸಂದಿಯಲ್ಲಿ ಹೆಣೆದುಕೊಂಡಿತ್ತು. ಬಹಳ ಹೊತ್ತು ಬಗ್ಗಿಕೊಂಡೇ ಇದ್ದ. ನಾನು ಪತ್ರಿಕೆಗಳಲ್ಲಿ ಮುಳುಗಿದ್ದೆ. ಕಾಲಿಗೆ ತಣ್ಣಗೆ ತಗುಲಿದಾಗ ನೋಡಿದರೆ ನನ್ನ ಒಂದು ಚಪ್ಪಲಿ ತೇಲುತ್ತಿತ್ತು. ತಲೆ ಎತ್ತಿದೆ. ಬಂಡೆಯ ನೆತ್ತಿ ಕಾಣುತ್ತಿರಲಿಲ್ಲ, ಅವನು ಸೊಂಟದವರೆಗೆ ನೀರಿನಲ್ಲಿ ನಿಂತು ಬಲೆ ಎಳೆಯುತ್ತಿದ್ದ. ತೆಪ್ಪ ಹಗ್ಗ ಕಿತ್ತುಕೊಂಡು ಆಗಲೇ ದೂರ ಹೋಗಿತ್ತು. ಕೂಗಿದೆ. ನೀರಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ, ಒಮ್ಮೆ ನನ್ನ ಕಡೆ ನೋಡಿದ. ಆ ಊರಲ್ಲಿ ಅವನಷ್ಟು ಈಜು ಬಲ್ಲವರು ಇರಲಿಲ್ಲ. ಬಲೆ ಕೈಗೆ ಸುತ್ತಿಕೊಂಡಿತ್ತೋ, ಹೊಸದೆಂದು ಅವನೇ ಬಿಡಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮತ್ತೊಂದು ಸೆಳವು ಬಂತು, ಅವನು ಅಲ್ಲಿ ಇರಲಿಲ್ಲ. ನನಗೆ ಈಜು ಬರುವುದಿಲ್ಲ. ದಂಡೆಗುಂಟ ಓಡುತ್ತ ಅವನ ಹೆಸರು ಹಿಡಿದು ಕೂಗಿದ್ದೊಂದೇ ನಾನು ಮಾಡಿದ್ದು.

ಜೇವರ್ಗಿ ಕಡೆಯಿಂದಲೂ ಈಜುಗಾರರು ಬಂದು ಹುಡುಕಿದರು. ಮೂರನೆಯ ದಿನ ಕೆಳಗಿನ ಜಾಲಿ ಪೊದೆಯಲ್ಲಿ ಸಿಕ್ಕ.

ಏನಾಯಿತು ಎಂದು ಪೊಲೀಸರು ಕೇಳಿದರು, ಊರವರು ಕೇಳಿದರು. "ನೀರ್ ಬಂದ್ ಅದ ಅಂತ ಅವರಣ್ಣ ಫೋನ್ ಮಾಡಿದ್ರು" ಎಂದೆ. ಆಗ ಅದು ನನ್ನ ಮಟ್ಟಿಗೆ ನಿಜವೇ ಆಗಿತ್ತು. ದಂಡೆಯವರು ಮುಖ ಮುಖ ನೋಡಿಕೊಂಡರು. "ಯಾವತ್ತೂ 'ನಿಂತದ' ಅನ್ನಾಂವ, ಅವತ್ತ್ಯಾಕ 'ಬಂದ್' ಅಂದ?" ಎಂದ ಒಬ್ಬ. "ಕುಡದಿದ್ದನೇನೋ" ಎಂದ ಇನ್ನೊಬ್ಬ. ಸಂಜೆಯ ಹೊತ್ತಿಗೆ ಕುಡಿದಿದ್ದನಂತೆ ಎಂದಾಯಿತು. ಅಣ್ಣ ಹೆಣದ ಮುಂದೆ ಕೂತಿದ್ದ, ಯಾರು ಏನಂದರೂ ತಲೆ ಎತ್ತಲಿಲ್ಲ. ಹೆಣ ಮಣ್ಣು ಮಾಡಿ ಬಂದ ಮೇಲೆ ತಮ್ಮನ ಹೆಂಡತಿ ಅವನಿಗೆ ಹೇಳಿದ್ದು ಒಂದೇ ಮಾತು: "ಇನ್ನ ಈ ಹೊಸ್ತಿಲ ತುಳೀಬ್ಯಾಡ್ರಿ."

ಶ್ರಾವಣದಲ್ಲಿ ನನ್ನೂರಿಗೆ ಹೋಗಿ ತಿರುಗಿ ಬರುವಾಗ ಅಫಜಲಪುರದ ಬಸ್ಸು ಕಾಯುತ್ತ ಆಳಂದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಬಸ್ಸಿನವರು ಮುಷ್ಕರ ಹೂಡುತ್ತಾರೆ ಎಂದು ಎಲ್ಲ ಕಡೆ ಮಾತು. ಪೇಪರಿನಿಂದ ಕಣ್ಣು ಕೀಳದೆ ಪಕ್ಕದ ಮುದುಕರನ್ನು ಕೇಳಿದೆ, "ಅಫಜಲಪುರದ್ದು ಹ್ಯಾಂಗ್ರಿ ಯಜಮಾನ್ರ?" "ಬಂದದ" ಎಂದರು. ಆಗಲಿ, ಇವತ್ತು ಬಸ್ ಇಲ್ಲ ಎಂದುಕೊಂಡು ಪೇಪರು ಓದುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಬಸ್ಸು ನನ್ನ ಕಣ್ಣೆದುರೇ ಹೊರಟಿತು. ಮುದುಕರು ರೇಗಿದರು: "ಬಂದದ ಅಂತ ಹೇಳಿನಲ್ರಿ! ಕಿವಿ ಎಲ್ಲಿ ಇಟ್ಟೀರಿ?"

ಬಸ್ಸಿನ ಹಿಂದೆ ಓಡಲು ಎದ್ದವನು ಹಾಗೇ ಕೂತುಬಿಟ್ಟೆ. ಅಣ್ಣ ಹೇಳಿದ್ದು ಮತ್ತೆ ನೀರು ಬಿಟ್ಟಿದ್ದಾರೆ ಎಂದು, ನಾನು ಕೂಗಿದ್ದು ನೀರು ನಿಂತಿತು ಎಂದು. ಆ ಬೆಂಚಿನ ಮೇಲೆ ಎಲ್ಲ ತಿಳಿಯಿತು.

ಅವತ್ತೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಎಂದೆ, ದಸರಾ ರಜೆಯಲ್ಲಿ ಎಂದೆ, ಪರೀಕ್ಷೆ ಮುಗಿಯಲಿ ಎಂದೆ. ಅಂಜಿಕೆ ಎನ್ನುವುದಕ್ಕೆ ಬೇರೆ ಹೆಸರುಗಳನ್ನು ಹುಡುಕುವುದರಲ್ಲಿ ನಾನು ಜಾಣ. ಊರಲ್ಲಿ ನನಗೆ ಮರ್ಯಾದೆ ಇತ್ತು, ಹೆಣ ಹುಡುಕಲು ಎರಡು ದಿನ ಊಟ ಬಿಟ್ಟು ತಿರುಗಿದ ಸರ ಎಂದು ಅದು ಇನ್ನಷ್ಟು ಹೆಚ್ಚಿತ್ತು. ಆ ಮರ್ಯಾದೆಯನ್ನು ಉಂಡು ಮಲಗುತ್ತಿದ್ದೆ.

ಚೈತ್ರದಲ್ಲಿ ಗೆಳೆಯನ ಮನೆಯಲ್ಲಿ ಅವನ ವರ್ಷದ ಊಟ ಮಾಡಿದರು. ನನ್ನನ್ನೂ ಕರೆದಿದ್ದರು. ಅಣ್ಣ ಒಂದು ಚೀಲ ಜೋಳ ಹೊತ್ತು ತಂದು ಹೊಸ್ತಿಲ ಹೊರಗೆ ಇಳಿಸಿದ. ತಮ್ಮನ ಹೆಂಡತಿ ಬಂದು ಆ ಚೀಲವನ್ನು ಎಳೆದುಕೊಂಡು ಹೋಗಿ ರಸ್ತೆಗೆ ಇಟ್ಟಳು. ಬಂದವರೆಲ್ಲ ನೋಡಿದರು. ಅವನು ಚೀಲವನ್ನು ಮತ್ತೆ ಹೆಗಲಿಗೆ ಏರಿಸಿಕೊಂಡು ಹೋದ. ನನ್ನ ಮುಂದೆ ಎಲೆ ಹಾಸಿತ್ತು. ಉಣ್ಣದೆ ಎದ್ದು ಬಂದೆ.

ಮರುದಿನ ಬೆಳಗಿನ ಬಸ್ಸಿಗೆ ಅವನ ಊರಿಗೆ ಹೋದೆ. ಅಂಗಳದಲ್ಲಿ ಮೇವು ಕತ್ತರಿಸುತ್ತಿದ್ದ. ನಿಂತೇ ಎಲ್ಲ ಹೇಳಿದೆ: ನೀವು ಅಂದದ್ದು ಸರಿ ಇತ್ತು, ತಪ್ಪು ಕೇಳಿದವನು ನಾನು, ತಪ್ಪು ಕೂಗಿದವನೂ ನಾನು. ಬೈಯುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವನು ಕುಡಗೋಲು ಕೆಳಗಿಟ್ಟ.

"ನೀರ್ ಬಂದದ ಅಂದಾಗ ನೀವೇನಂದ್ರಿ, ನೆನಪದ ಏನ್ರಿ ಸರ?"

ನೆನಪಿರಲಿಲ್ಲ. ಏನಾದರೂ ಅಂದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"'ಛಲೋ ಆತು ಬಿಡ್ರಿ' ಅಂದ್ರಿ. ಇದೇನು, ನೀರ್ ಬಂದ್ರ ಇವ್ರು ಛಲೋ ಆತು ಅಂತಾರ ಅಂತ ಅನಸ್ತು. ತಿರುಗಿ ಹಚ್ಚಬೇಕು ಅನ್ನೂದ್ರಾಗ ಎತ್ತು ಹಗ್ಗ ಹರ್ಕೊಂಡು ಕಬ್ಬಿನಾಗ ಹೊಕ್ಕಿತು. ಅದರ ಹಿಂದ ಓಡಿದೆ. ಆಮ್ಯಾಲ ಮರ್ತೆ." ಕತ್ತರಿಸಿದ ಮೇವನ್ನು ಬದಿಗೆ ಸರಿಸಿ ಹೇಳಿದ: "ಮಂದಿ ಕುಡದಿದ್ದ ಅಂದ್ರು. ಹನಿ ಮುಟ್ಟಿಲ್ರಿ ನಾ. ಆದ್ರ ಏನಂತ ಹೇಳ್ಲಿ? ಮತ್ತೊಮ್ಮೆ ಫೋನ್ ಮಾಡಿದ್ರ ತಮ್ಮ ಇರ್ತಿದ್ದ. ಅದಕ್ಕ ಅನ್ಲಿ ಬಿಡು ಅಂದೆ."

ವರ್ಷವಿಡೀ ಅವನು ತನ್ನ ಪಾಲಿಗಿಂತ ಹೆಚ್ಚು ಹೊತ್ತಿದ್ದ, ನಾನು ನನ್ನ ಪಾಲನ್ನೂ ಅವನ ಮೇಲೆ ಹೊರಿಸಿದ್ದೆ. ಅಲ್ಲೇ ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. "ಅಕಿಗೆ ಹೇಳೂಣು ನಡೀರಿ" ಎಂದೆ. ಅವನು ಬೇಡ ಎಂದ, ಆದದ್ದು ಆತು ಎಂದ. ನಾನು ಬಿಡಲಿಲ್ಲ. ಅವನ ಗಾಡಿಯ ಮೇಲೆಯೇ ಇಬ್ಬರೂ ಬಂದೆವು.

ಅವಳು ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಭಾವನನ್ನು ಕಂಡು ಏಳಲು ಹೋದಳು. "ಕೂಡ್ರವ್ವಾ, ಮಾತಾಡೂದು ನಂದದ" ಎಂದು ನಾನು ಅಂಗಳದಲ್ಲೇ ನಿಂತು ಹೇಳಿದೆ. ಫೋನಿನ ಮಾತನ್ನು ಎರಡು ಸಲ ಬಿಡಿಸಿ ಹೇಳಿದೆ. ಅಣ್ಣ ನಡುವೆ ಬಾಯಿ ಹಾಕಿ ಎತ್ತಿನ ವಿಷಯ ತೆಗೆದ. ಅವಳು ಇಬ್ಬರನ್ನೂ ಪೂರ್ತಿ ಕೇಳಿದಳು. ಬೇಳೆಯ ಮೊರ ತೊಡೆಯ ಮೇಲೆಯೇ ಇತ್ತು.

"ನಿಮಗ ಇದು ಯಾವಾಗ ಗೊತ್ತಾತ್ರಿ ಸರ?"

ಈಗಷ್ಟೇ ಗೊತ್ತಾಯಿತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಶ್ರಾವಣದಾಗ" ಎಂದೆ.

ಅವಳು ಬೆರಳು ಮಡಿಚಿ ಎಣಿಸಿದಳು. "ಎಂಟು ತಿಂಗಳು" ಎಂದಳು. "ಈ ಎಂಟು ತಿಂಗಳು ದಿನಾ ಎದ್ದು ದೀಪ ಹಚ್ಚಿ ನಾ ಇವರಿಗೆ ಶಾಪ ಹಾಕೇನ್ರಿ ಸರ. ಇವರ ಮಕ್ಕಳಿಗೂ ಹಾಕೇನಿ."

ಅವಳು ಮೊರ ಇಳಿಸಿ ಎದ್ದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಹೊಸ್ತಿಲ ಬದಿಗೆ ಇಟ್ಟಳು. ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, "ಕಾಲು ತೊಳಕೊಂಡು ಒಳಗ ಬರ್ರಿ ಭಾವ" ಎಂದಳು. ಅವನು ನನ್ನ ಕಡೆ ನೋಡಿದ, ಅಲ್ಲಾಡಲಿಲ್ಲ. ಅವಳು ಮತ್ತೊಮ್ಮೆ ಕರೆದಳು. ಅವನು ಕಾಲಿಗೆ ನೀರು ಹಾಕಿಕೊಂಡು ಹೊಸ್ತಿಲು ದಾಟಿದ. ಒಳಗೆ ಇಬ್ಬರೂ ಅಳುವುದು ಕೇಳಿಸಿತು.

ನಾನು ಬಿಸಿಲಲ್ಲಿ ನಿಂತೇ ಇದ್ದೆ. ಬರ್ರಿ ಎಂದು ಅವಳು ನನಗೆ ಹೇಳಲಿಲ್ಲ, ಹೋಗ್ರಿ ಎಂದೂ ಹೇಳಲಿಲ್ಲ.